ನೂರು ನೂರಾಮೂವತ್ತೈದಾಗುವ ಗಲ್ಲಿ

ಬೆಂಗಳೂರಿನ ಶಿವಾಜಿನಗರದ ಗುಜರಿ ಗಲ್ಲಿಗಳಲ್ಲಿ ಅಂಗಡಿ ಎಲ್ಲಿ ಮುಗಿಯಿತು, ರಸ್ತೆ ಎಲ್ಲಿ ಶುರುವಾಯಿತು ಎಂದು ಹೇಳುವುದು ಕಷ್ಟ. ಗೋಣಿತಾಟಿನ ಮೇಲೆ ಪೆಟ್ರೋಲ್ ಟ್ಯಾಂಕುಗಳು, ತಂತಿಯಲ್ಲಿ ಪೋಣಿಸಿಟ್ಟ ಗಿಯರ್ ಚಕ್ರಗಳು, ಜಿಡ್ಡು ಹಿಡಿದ ಕಾರ್ಬುರೇಟರುಗಳು, ಬಕೆಟ್ ತುಂಬ ನಟ್ಟು ಬೋಲ್ಟುಗಳು. ಸೀಮೆಎಣ್ಣೆಯಲ್ಲಿ ನೆನೆಹಾಕಿದ ಕ್ರ್ಯಾಂಕನ್ನು ಹುಡುಗನೊಬ್ಬ ಬ್ರಷ್ಷಿನಿಂದ ಉಜ್ಜುತ್ತಿದ್ದಾನೆ. ಗೂಡ್ಸ್ ಆಟೊವೊಂದು ಹಾರ್ನ್ ಹೊಡೆಯುತ್ತ ನುಗ್ಗಿದರೆ ಗಿರಾಕಿ, ವ್ಯಾಪಾರಿ, ಟೀ ಲೋಟ ಹಿಡಿದವನು ಎಲ್ಲರೂ ಪಕ್ಕದ ಎಂಜಿನ್ ರಾಶಿಗೆ ಒರಗಿ ದಾರಿ ಬಿಡುತ್ತಾರೆ.

“ಭಾಯ್, ಒನ್ ತರ್ಟಿಫೈವ್ ಬ್ಲಾಕ್ ಇದೆಯಾ?” ಎಂದು ಯುವಕನೊಬ್ಬ ಕೇಳುತ್ತಾನೆ. ಅಂಗಡಿಯವನು ತಲೆಯೆತ್ತದೆ, “ಹೆಡ್ಡೂ ಬೇಕಾ?” ಎನ್ನುತ್ತಾನೆ. ಯಾವ ಗಾಡಿಗೆ ಎಂದು ಅವನು ಕೇಳುವುದಿಲ್ಲ. ಈ ಪ್ರಶ್ನೆ ಹಿಡಿದು ಬರುವವರ ಮನೆಯಲ್ಲಿ ಅಪ್ಪನದೋ ಮಾವನದೋ ಯಮಹಾ ಆರ್‌ಎಕ್ಸ್ 100 ಇರುತ್ತದೆಂದು ಅವನಿಗೆ ಗೊತ್ತು.

1985ರ ಕೊನೆಗೆ ಬಂದು 1996ಕ್ಕೆ ತಯಾರಿ ನಿಂತ ಗಾಡಿ ಅದು. 98 ಸಿಸಿಯ ಟೂ ಸ್ಟ್ರೋಕ್ ಎಂಜಿನ್, 11 ಅಶ್ವಶಕ್ತಿ, ಹಗುರ ಮೈ. ಅದರ ಬೋರು, ಅಂದರೆ ಸಿಲಿಂಡರಿನ ಒಳವ್ಯಾಸ, 50 ಮಿಲಿಮೀಟರ್; ಪಿಸ್ಟನ್ ಮೇಲೆ ಕೆಳಗೆ ಓಡುವ ದೂರವೂ 50 ಮಿಲಿಮೀಟರ್. ಅದೇ ವಂಶದ ಆರ್‌ಎಕ್ಸ್ 135ರಲ್ಲಿ ಬೋರು 58ಕ್ಕೆ ಹಿಗ್ಗಿತು, ಓಡುವ ದೂರ ಮಾತ್ರ 50ರಲ್ಲೇ ಉಳಿಯಿತು. ಇಡೀ ಎಂಜಿನ್ ಕೊಳ್ಳದೆ 135ರ ಹಳೆಯ ಸಿಲಿಂಡರ್ ಬ್ಲಾಕ್, ಹೆಡ್ ತಂದು ಕೂರಿಸಿ ಗಾಡಿಯನ್ನು 132 ಸಿಸಿಗೆ ಏರಿಸುವ ಆಸೆ ಹುಟ್ಟಿದ್ದು ಈ ಲೆಕ್ಕದಿಂದಲೇ.

ಬ್ಲಾಕ್ ಕೈಗೆ ಬರುತ್ತದೆ. “ಸ್ಟ್ಯಾಂಡರ್ಡ್ ಬೋರು ಬಾಸ್, ಒಂದ್ಸಲಾನೂ ಬಿಚ್ಚಿಲ್ಲ.” ಈ ಗಲ್ಲಿಯಲ್ಲಿ ಮಾರಾಟಕ್ಕಿರುವ ಎಲ್ಲ ಬ್ಲಾಕುಗಳೂ ಸ್ಟ್ಯಾಂಡರ್ಡೇ! ಯುವಕನ ಜೊತೆ ಬಂದ ಮೇಸ್ತ್ರಿ ಮಾತಾಡುವುದಿಲ್ಲ. ಬ್ಲಾಕನ್ನು ಬಿಸಿಲಿಗೆ ಹಿಡಿದು ಒಳಗೆ ಇಣುಕುತ್ತಾನೆ. ಗೋಡೆಯುದ್ದಕ್ಕೂ ಉಗುರು ಎಳೆಯುತ್ತಾನೆ. ಎಲ್ಲಾದರೂ ಉಗುರು ಸಿಕ್ಕಿಕೊಂಡರೆ ಅಲ್ಲಿ ಪಿಸ್ಟನ್ ಒಮ್ಮೆ ಸೀಜ್ ಆಗಿತ್ತೆಂದು ಅರ್ಥ. ಬೋರಿನ ಮೇಲಂಚಿನಲ್ಲಿ ರಿಂಗು ಸವೆಸಿದ ಮೆಟ್ಟಿಲಿದೆಯೇ, ಫಿನ್ನುಗಳು ಮುರಿದಿವೆಯೇ, ಹೆಡ್ಡಿನ ಪ್ಲಗ್ ಥ್ರೆಡ್ ಕಿತ್ತಿದೆಯೇ ಎಂದು ಒಂದೊಂದಾಗಿ ನೋಡುತ್ತಾನೆ. ಜೊತೆಗೆ ಬಂದ ಹಳೇ ಪಿಸ್ಟನ್ನಿನ ತಲೆಯನ್ನು ಬಟ್ಟೆಯಿಂದ ಒರೆಸುತ್ತಾನೆ. ಮಸಿಯ ಅಡಿಯಿಂದ 50 ಎಂಬ ಅಂಕಿ ಎದ್ದು ಬರುತ್ತದೆ. ಅಂದರೆ ಅರ್ಧ ಮಿಲಿಮೀಟರ್ ಓವರ್‌ಸೈಜ್, ಈಗಾಗಲೇ ಬೋರ್ ಆಗಿರುವ ಬ್ಲಾಕು. ಮೇಸ್ತ್ರಿ ಪಿಸ್ಟನ್ನನ್ನು ಅಂಗಡಿಯವನ ಕಡೆ ತಿರುಗಿಸುತ್ತಾನೆ, ಅಷ್ಟೆ. ಬೆಲೆ ತಾನಾಗಿ ಇಳಿಯುತ್ತದೆ.

ಅಲ್ಲಿಂದ ಬ್ಲಾಕು ಹೋಗುವ ಬೋರಿಂಗ್ ಅಂಗಡಿಯಲ್ಲಿ ಗದ್ದಲ ಬೇರೆ ಬಗೆಯದು. ಬೆಲ್ಟು ಗುನುಗುತ್ತದೆ, ಕಬ್ಬಿಣದ ಪುಡಿ ಬೂದಿಯಂತೆ ಉದುರುತ್ತದೆ. ಹೊಸ ಪಿಸ್ಟನ್ ಕೈಯಲ್ಲಿಲ್ಲದೆ ಇಲ್ಲಿ ಯಾರೂ ಬೋರ್ ಮಾಡುವುದಿಲ್ಲ. ಮೊದಲು ಪಿಸ್ಟನ್ನಿನ ಅಳತೆ, ಆಮೇಲೆ ಅದಕ್ಕೆ ತಕ್ಕ ಸಂದು ಬಿಟ್ಟು ಬೋರು, ಕೊನೆಗೆ ಎಣ್ಣೆ ಹಿಡಿದು ನಿಲ್ಲುವಂತೆ ಅಡ್ಡಡ್ಡ ಗೀರೆಳೆಯುವ ಹೋನಿಂಗ್. ದೊಡ್ಡ ಬ್ಲಾಕಿನ ದಪ್ಪಗಿನ ಸ್ಲೀವು ನೂರರ ಕ್ರ್ಯಾಂಕ್‌ಕೇಸಿನ ಬಾಯಿಗೆ ಕೂರದಿದ್ದರೆ ಬಾಯಿಯನ್ನೂ ಹಿಗ್ಗಿಸಬೇಕು. ಪಿಸ್ಟನ್ ಪಿನ್ನು ಕನೆಕ್ಟಿಂಗ್ ರಾಡಿನ ಕಣ್ಣಿಗೆ ಹೊಂದುತ್ತದೆಯೇ ಎಂದೂ ಅಳೆಯಬೇಕು. ಗುಜರಿಯಲ್ಲಿ ಉಳಿಸಿದ ಹಣ ಕೈಬಿಟ್ಟು ಹೋಗುವುದು ಇಂಥ ಕಡೆಯೇ.

ಸಂಜೆ ಗ್ಯಾರೇಜಿನಲ್ಲಿ ಪೇಪರ್ ಹಾಸಿ ಸಾಮಾನುಗಳನ್ನು ಎರಡು ಸಾಲಾಗಿ ಜೋಡಿಸಿದ್ದಾರೆ. ಒಂದು ಸಾಲಿನಲ್ಲಿ ಬ್ಲಾಕು, ಹೆಡ್ಡು, ಕಾರ್ಬುರೇಟರ್. ಎರಕ ಹೊಯ್ದ ಈ ಸಾಮಾನುಗಳು ಒಡೆದಿರದಿದ್ದರೆ, ಸೊಟ್ಟಗಾಗಿರದಿದ್ದರೆ ಹಳೆಯವಾದರೂ ನಡೆಯುತ್ತವೆ. ಇನ್ನೊಂದು ಸಾಲಿನಲ್ಲಿ ಪಿಸ್ಟನ್, ರಿಂಗು, ಬೇರಿಂಗು, ಆಯಿಲ್ ಸೀಲು, ಪ್ಯಾಕಿಂಗು. “ಈ ಸಾಲಲ್ಲಿ ಒಂದೂ ಹಳೇದು ಬೇಡ ಮಗಾ,” ಎನ್ನುತ್ತಾನೆ ಮೇಸ್ತ್ರಿ. ಟೂ ಸ್ಟ್ರೋಕಿನಲ್ಲಿ ಕ್ರ್ಯಾಂಕಿನ ಸೀಲು ಗಾಳಿ ಎಳೆದರೆ ಪೆಟ್ರೋಲಿನ ಪಾಲು ಕಡಿಮೆಯಾಗಿ, ಎಂಜಿನ್ ಕಾದು, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಅಗ್ಗದ ಒಂದು ಸೀಲು ಇಡೀ ಬ್ಲಾಕನ್ನು ಮತ್ತೆ ಗುಜರಿಗೆ ಕಳಿಸಬಲ್ಲದು. ರೀಡ್ ವಾಲ್ವನ್ನು ಅವನು ಬಲ್ಬಿನ ಎದುರು ಹಿಡಿಯುತ್ತಾನೆ. ಎಸಳುಗಳ ಸಂದಿನಿಂದ ಬೆಳಕು ತೂರಿದರೆ ಅದೂ ಹೊಸದೇ ಬರಬೇಕು.

ರಿಂಗು ಕೂರುತ್ತದೆ, ಬ್ಲಾಕ್ ಇಳಿಯುತ್ತದೆ, ನಟ್ಟುಗಳು ಮೂಲೆಯಿಂದ ಮೂಲೆಗೆ ಸರದಿಯಲ್ಲಿ ಬಿಗಿಯಾಗುತ್ತವೆ. ಮೂರ್ನಾಲ್ಕು ಕಿಕ್ಕಿಗೆ ನೀಲಿ ಹೊಗೆಯುಗುಳಿ ಗಾಡಿ ಎದ್ದು ನಿಲ್ಲುತ್ತದೆ. ಪಕ್ಕದಂಗಡಿಯವರೂ ಇಣುಕುತ್ತಾರೆ. ಯುವಕನ ಕೈ ಆಗಲೇ ಆಕ್ಸಿಲರೇಟರ್ ಮೇಲೆ. ಮೇಸ್ತ್ರಿ ಅದನ್ನು ಸರಿಸಿ, ಗಾಡಿ ಆಫ್ ಮಾಡಿ, ಪ್ಲಗ್ ಬಿಚ್ಚಿ ತೋರಿಸುತ್ತಾನೆ. ಅದು ಬಿಳಿಚಿಕೊಂಡಿದೆ. ದೊಡ್ಡ ಬ್ಲಾಕಿಗೆ ಕಾರ್ಬುರೇಟರಿನ ಹಳೇ ಜೆಟ್ಟು ಕೊಡುವ ಪೆಟ್ರೋಲ್ ಸಾಲುತ್ತಿಲ್ಲ. ಮುಂದಿನ ನಂಬರಿನ ಜೆಟ್ಟು ಬಿದ್ದು, ಒಂದು ಸುತ್ತು ಹೋಗಿಬಂದ ಮೇಲೆ ಪ್ಲಗ್ಗಿಗೆ ಕಾಫಿಪುಡಿಯ ಬಣ್ಣ ಬರುತ್ತದೆ.

ಲೆಕ್ಕ ಅಲ್ಲಿಗೇ ಮುಗಿಯುವುದಿಲ್ಲ. ಗಾಡಿಯ ಮುಂದಿನ ಚಕ್ರದಲ್ಲಿರುವುದು ಹಳೇ ಡ್ರಮ್ ಬ್ರೇಕು. ಓಡುವ ಶಕ್ತಿ ಹೆಚ್ಚಿಸಿ ನಿಲ್ಲುವ ಶಕ್ತಿಯನ್ನು ಮರೆತರೆ ಅದು ಉಳಿತಾಯವಲ್ಲ. ಇನ್ನೊಂದು, ಆರ್‌ಸಿಯಲ್ಲಿ ಸಿಸಿ ಬರೆದಿರುತ್ತದೆ. ಅಲ್ಲಿನ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ತಡೆಯುತ್ತದೆ. ಅಪಘಾತವಾದ ದಿನ ವಿಮೆಯವರು ಮೊದಲು ನೋಡುವುದು ಇಂಥದ್ದನ್ನೇ. ಬಿಲ್ಲಿಲ್ಲದ, ನಂಬರು ಉಜ್ಜಿದ ಸಾಮಾನು ಎಷ್ಟು ಅಗ್ಗವಾದರೂ ಮುಟ್ಟಬಾರದು. ಕದ್ದ ಮಾಲಾಗಿದ್ದರೆ ಕೊಂಡವನೂ ಠಾಣೆಗೆ ಅಲೆಯಬೇಕಾಗುತ್ತದೆ.

ಹಾಗಾಗಿ ದೊಡ್ಡ ಬ್ಲಾಕಿನ ಗಾಡಿ ರೇಸಿನ ಮಣ್ಣಿನ ಟ್ರ್ಯಾಕಿಗೆ ಸರಿ. ದಿನವೂ ರಸ್ತೆಗಿಳಿಯುವ ಗಾಡಿಗೆ ನೂರರದೇ ಒಳ್ಳೆಯ ಹಳೇ ಬ್ಲಾಕು, ಅರ್ಧ ಮಿಲಿಮೀಟರ್ ಓವರ್‌ಸೈಜ್ ಪಿಸ್ಟನ್, ಹೊಸ ಸೀಲು, ಹೊಸ ಬೇರಿಂಗು ಸಾಕು. ಸವೆದ ಎಂಜಿನ್ ಕಳೆದುಕೊಂಡಿದ್ದ ಕಸುವು ಅಷ್ಟರಿಂದಲೇ ಮರಳುತ್ತದೆ. ಗುಜರಿಗೆ ಹೋಗುವವರು ಜೇಬಿಗಿಂತ ಮೊದಲು ಒಬ್ಬ ಒಳ್ಳೆಯ ಮೇಸ್ತ್ರಿಯನ್ನು ಜೊತೆ ಮಾಡಿಕೊಳ್ಳಿ. ಅಲ್ಲಿ ಹಣ ಉಳಿಸುವುದು ಚೌಕಾಸಿಯಲ್ಲ, ಅವನ ಕಣ್ಣು.