ಕಾಲು ಕೂಡಿಕೊಳ್ಳುವಷ್ಟರಲ್ಲಿ ಮುಗಿಯುವ ಗಡುವು

ಪೀಣ್ಯ, ದಾಸರಹಳ್ಳಿ ಕಡೆಯಿಂದ ನನ್ನ ಆಫೀಸಿಗೆ ಬರುವ ಕಕ್ಷಿದಾರರಲ್ಲಿ ಹೆಚ್ಚಿನವರು ಶಿಫ್ಟ್ ಮುಗಿಸಿ ಮನೆಗೆ ಹೋಗುವಾಗ ಪೆಟ್ಟು ತಿಂದವರು. ತುಮಕೂರು ರಸ್ತೆ ದಾಟುವಾಗ ಲಾರಿ ತಗುಲಿರುತ್ತದೆ, ಇಲ್ಲವೇ ಸರ್ವಿಸ್ ರೋಡಿನಲ್ಲಿ ಟೆಂಪೊ ಗುದ್ದಿರುತ್ತದೆ. ಗುದ್ದಿದ ಗಾಡಿಯ ಥರ್ಡ್ ಪಾರ್ಟಿ ವಿಮೆಯಿಂದ ಇವರಿಗೆ ಪರಿಹಾರ ಕೊಡಿಸುವುದು ವಕೀಲೆಯಾದ ನನ್ನ ಕೆಲಸ. "ಕಾಲು ನೆಟ್ಟಗಾಗಲಿ ಮೇಡಂ, ಆಮೇಲೆ ಕ್ಲೇಮ್ ಹಾಕೋಣ ಅಂತಿದ್ವಿ" ಎಂದು ಯಾರಾದರೂ ಹೇಳಿದರೆ ಎದೆ ಧಸಕ್ಕೆನ್ನುತ್ತದೆ.

ಏಕೆಂದರೆ 2022ರ ಏಪ್ರಿಲ್ 1ರಿಂದ, ಅಪಘಾತವಾದ ಆರು ತಿಂಗಳೊಳಗೆ ಹಾಕದ ಅರ್ಜಿಯನ್ನು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 166(3)ನೇ ಕಲಮಿಗೆ 2019ರ ತಿದ್ದುಪಡಿ ಸೇರಿಸಿದ ಮಾತಿದು.

ಗಡುವೇನೂ ಹೊಸದಲ್ಲ. 1939ರ ಕಾಯ್ದೆಯಲ್ಲೂ ಆರು ತಿಂಗಳೇ ಇತ್ತು, ಆದರೆ ತಕ್ಕ ಕಾರಣ ತೋರಿಸಿದರೆ ವಿಳಂಬ ಮನ್ನಾ ಆಗುತ್ತಿತ್ತು. 1988ರ ಕಾಯ್ದೆ ಬಂದು, ಏನೇ ಕಾರಣವಿದ್ದರೂ ಒಂದು ವರ್ಷ ದಾಟುವಂತಿಲ್ಲ ಎಂದಿತು. 1994ರ ನವೆಂಬರ್‌ನಲ್ಲಿ ಸಂಸತ್ತಿನ ತಿದ್ದುಪಡಿ ಗಡುವನ್ನೇ ಕಿತ್ತುಹಾಕಿತು. ತಡವಾಯಿತೆಂಬ ಕಾರಣಕ್ಕೆ ತಿರಸ್ಕೃತವಾಗಿ ಇನ್ನೂ ಮೇಲ್ಮನವಿಯಲ್ಲಿದ್ದ ಕೇಸಿಗೂ ಅದರ ಲಾಭ ಸಿಗಬೇಕೆಂದು 1996ರಲ್ಲಿ ಧನ್ನಾಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈಗ ಮರಳಿ ಬಂದಿರುವ ಗಡುವಿನಲ್ಲಿ ಮನ್ನಾ ಮಾಡುವ ಒಂದು ಸಾಲೂ ಇಲ್ಲ, 1939ರದ್ದಕ್ಕಿಂತಲೂ ಬಿಗಿ. ಹಳೇ ಅಪಘಾತಕ್ಕೆ ಯಾವುದೋ ಗಾಡಿ ತೋರಿಸಿ ಸುಳ್ಳು ಕ್ಲೇಮ್ ಹಾಕುತ್ತಾರೆಂಬ ವಿಮಾ ಕಂಪನಿಗಳ ದೂರಿನಲ್ಲಿ ಹುರುಳಿದೆ, ಒಪ್ಪುತ್ತೇನೆ. ಅದನ್ನು ಸಾಕ್ಷ್ಯ ಜಾಲಾಡಿ ಹಿಡಿಯಬೇಕೇ ಹೊರತು, ನಿಜವಾಗಿ ನೊಂದವರ ಬಾಗಿಲನ್ನೂ ಮುಚ್ಚಿ ಅಲ್ಲ.

ಆರು ತಿಂಗಳು ಹೇಗೆ ಕರಗುತ್ತದೆ ನೋಡಿ. ರಾಯಚೂರು ಕಡೆಯ ಒಬ್ಬ ಲೇತ್ ಆಪರೇಟರ್‌ಗೆ ತೊಡೆಮೂಳೆ ಮುರಿದು ರಾಡ್ ಹಾಕಿದ್ದರು. ಬಾಡಿಗೆ ಕಟ್ಟಲಾಗದೆ ಹೆಂಡತಿ ಊರಿಗೆ ಕರೆದುಕೊಂಡು ಹೋದರು. ಗಾಯ ಕೀವಾಗಿ ಮತ್ತೆ ಆಪರೇಷನ್ ಆಯಿತು. ನನ್ನ ಮುಂದೆ ಕೂತಾಗ ಬಟ್ಟೆ ಅಂಗಡಿಯ ಕವರಿನಲ್ಲಿ ಎಕ್ಸ್‌ರೇ, ಔಷಧಿ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ನಾಲ್ಕಾಗಿ ಮಡಚಿದ ಎಫ್‌ಐಆರ್ ಇದ್ದವು. ವೂಂಡ್ ಸರ್ಟಿಫಿಕೇಟ್ ಇರಲಿಲ್ಲ. ಚಾರ್ಜ್‌ಶೀಟಿಗೆ ಠಾಣೆಯಲ್ಲಿ "ಮುಂದಿನ ವಾರ ಬನ್ನಿ" ಎಂದಿದ್ದರಂತೆ. ಅವರು ಅದಕ್ಕೇ ಕಾಯುತ್ತಿದ್ದರು. ಗಡುವಿಗೆ ಒಂದು ವಾರವೂ ಉಳಿದಿರಲಿಲ್ಲ. ಎಫ್‌ಐಆರ್ ಲಗತ್ತಿಸಿ ಅರ್ಜಿ ಹಾಕಿಬಿಟ್ಟೆವು. ಉಳಿದ ದಾಖಲೆ ಆಮೇಲೆ ಹಾಜರುಪಡಿಸಿದೆವು.

ಹಾಗೆ ನೋಡಿದರೆ ಕಾಯ್ದೆಯಲ್ಲೇ ಇದಕ್ಕೊಂದು ದಾರಿಯಿದೆ. 159ನೇ ಕಲಮಿನ ಪ್ರಕಾರ ಪೊಲೀಸರು ಮೂರು ತಿಂಗಳೊಳಗೆ ಅಪಘಾತದ ವರದಿಯನ್ನು ನ್ಯಾಯಮಂಡಳಿಗೆ ಕಳಿಸಬೇಕು. ಆ ವರದಿಯನ್ನೇ ಪರಿಹಾರದ ಅರ್ಜಿಯೆಂದು ಭಾವಿಸಬೇಕು. ಇದನ್ನು ಚಾಚೂ ತಪ್ಪದೆ ಪಾಲಿಸಿ ಎಂದು 2022ರ ಡಿಸೆಂಬರ್‌ನಲ್ಲಿ ಗೋಹರ್ ಮೊಹಮ್ಮದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನಿರ್ದೇಶನಗಳನ್ನೇ ಕೊಟ್ಟಿತು. ಪ್ರತಿ ಠಾಣೆಯಿಂದಲೂ ವರದಿ ಹೊತ್ತಿಗೆ ಸರಿಯಾಗಿ ಹೋದರೆ ಗಡುವಿನ ಭಯವೇ ಇರುವುದಿಲ್ಲ. ಆದರೆ ತಮ್ಮ ವರದಿ ಹೋಗಿದೆಯೇ ಎಂಬುದು ನನ್ನ ಕಕ್ಷಿದಾರರಲ್ಲಿ ಹೆಚ್ಚಿನವರಿಗೆ ತಿಳಿದೇ ಇರುವುದಿಲ್ಲ.

ಈ ಗಡುವಿನ ಸಿಂಧುತ್ವವನ್ನೇ ಪ್ರಶ್ನಿಸಿದ ಅರ್ಜಿಗಳ ಮೇಲೆ ಸುಪ್ರೀಂ ಕೋರ್ಟ್ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಹೊರಡಿಸಿ, ತಡವಾಯಿತೆಂಬ ಒಂದೇ ಕಾರಣಕ್ಕೆ ಕ್ಲೇಮ್ ಅರ್ಜಿ ವಜಾ ಮಾಡಬೇಡಿ ಎಂದಿದೆ. ದೊಡ್ಡ ಸಮಾಧಾನ ಅದು. ಆದರೂ ಮಧ್ಯಂತರ ಆದೇಶವನ್ನು ನಂಬಿ ಸುಮ್ಮನೆ ಕೂರಬೇಡಿ. ಕಾಲು ಎಷ್ಟು ಊನವಾಯಿತೆಂಬ ಡಾಕ್ಟರ ಸಾಕ್ಷ್ಯವನ್ನು ವಿಚಾರಣೆಯ ಹೊತ್ತಿಗೆ ಕೊಡಿಸಬಹುದು. ಅರ್ಜಿ ಹಾಕಲು ಬೆಂಗಳೂರಿಗೇ ಬರಬೇಕೆಂದೂ ಇಲ್ಲ. ಊರಲ್ಲಿ ವಾಸವಿರುವವರು ಆ ಊರಿನ ವ್ಯಾಪ್ತಿಯ ನ್ಯಾಯಮಂಡಳಿಯಲ್ಲೇ ಹಾಕಬಹುದು.