ಎರೆ ಯಾವುದು, ಮೀನು ಯಾವುದು: ಕೆರೆಗಳಲ್ಲಿ ಗಾಳದ ಮೀನುಗಾರಿಕೆ ಕುರಿತು ಗ್ರಾಮ ಪಂಚಾಯತಿ ಸದಸ್ಯರಿಗೆ ತಿಳಿವಳಿಕೆ

ಸಂವಿಧಾನದ 73ನೇ ತಿದ್ದುಪಡಿಯಿಂದ ಸೇರ್ಪಡೆಯಾದ ಹನ್ನೊಂದನೇ ಅನುಸೂಚಿಯು ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿದೆ. ಅವುಗಳಲ್ಲಿ ಐದನೆಯದು ಮೀನುಗಾರಿಕೆ. ಗ್ರಾಮ ಮಟ್ಟದಲ್ಲಿ ಈ ವಿಷಯವು ಸಾಮಾನ್ಯವಾಗಿ ಕೆರೆಯ ಮೀನು ಪಾಶುವಾರು ಹಕ್ಕನ್ನು ಗುತ್ತಿಗೆಗೆ ನೀಡುವ ಸಂದರ್ಭದಲ್ಲಿ ಮಾತ್ರ ಸಭೆಯ ಮುಂದೆ ಬರುತ್ತದೆ. ಗುತ್ತಿಗೆ ಪಡೆದವರು ಹಣ ಕಟ್ಟಿ, ಮೀನುಮರಿ ತಂದು ಬಿಟ್ಟಿರುತ್ತಾರೆ. ದಂಡೆಯಲ್ಲಿ ಗಾಳ ಹಿಡಿದು ಕುಳಿತವರು ಹಿಂದಿನಿಂದಲೂ ಅದೇ ನೀರಿನಲ್ಲಿ ಮನೆಯ ಸಾರಿಗೆ ಮೀನು ಹಿಡಿಯುತ್ತ ಬಂದವರಾಗಿರುತ್ತಾರೆ. ಇಬ್ಬರ ನಡುವೆ ತಕರಾರು ಎದ್ದಾಗ, ಗಾಳವನ್ನು ಪೂರ್ಣವಾಗಿ ನಿಷೇಧಿಸುವುದು ಅಥವಾ ಕಂಡೂ ಕಾಣದಂತೆ ಸುಮ್ಮನಿರುವುದು, ಈ ಎರಡೇ ದಾರಿಗಳು ಇರುವಂತೆ ತೋರುತ್ತದೆ.

ಮೂರನೆಯ ದಾರಿಯೂ ಒಂದಿದೆ. ಗಾಳದ ತುದಿಗೆ ಸಿಕ್ಕಿಸಿದ ಎರೆಯನ್ನು ನೋಡಿದರೆ ಯಾವ ಮೀನನ್ನು ಹಿಡಿಯಹೊರಟಿದ್ದಾರೆ ಎಂಬುದನ್ನು ಬಹುಮಟ್ಟಿಗೆ ಹೇಳಬಹುದು. ಮೀನು ಯಾವುದೆಂದು ತಿಳಿದರೆ, ಅದು ಗುತ್ತಿಗೆದಾರರು ಹಣ ಕೊಟ್ಟು ತಂದು ಬಿಟ್ಟ ಮೀನೋ, ಕೆರೆಯಲ್ಲಿ ತಾನಾಗಿ ಹುಟ್ಟಿ ಬೆಳೆದ ಮೀನೋ ಎಂಬುದು ತಿಳಿಯುತ್ತದೆ. ಆದ್ದರಿಂದ ಎರೆಯ ತಿಳಿವಳಿಕೆಯು ಗಾಳ ಹಿಡಿದವರಿಗೆ ಎಷ್ಟು ಅಗತ್ಯವೋ, ಗುತ್ತಿಗೆಯ ಷರತ್ತುಗಳನ್ನು ನಿರ್ಧರಿಸುವ ಸದಸ್ಯರಿಗೂ ಅಷ್ಟೇ ಅಗತ್ಯ. ಹಳೇ ಹುಬ್ಬಳ್ಳಿಯು ಮಹಾನಗರ ಪಾಲಿಕೆಯ ವ್ಯಾಪ್ತಿಯಲ್ಲಿದ್ದರೂ, ಅದರ ಅಂಚು ದಾಟಿ ಕಾರವಾರ ರಸ್ತೆಯಲ್ಲಿ ಅಂಚಟಗೇರಿಯ ಕಡೆಗೆ ಸಾಗಿದರೆ ಗ್ರಾಮ ಪಂಚಾಯತಿಗಳ ವ್ಯಾಪ್ತಿ ಆರಂಭವಾಗುತ್ತದೆ. ನಗರದ ಅಂಚಿನ ಇಂಥ ಊರುಗಳ ಕೆರೆಗಳಿಗೆ ಊರಿನವರಷ್ಟೇ ಅಲ್ಲದೆ ನಗರದವರೂ ಗಾಳ ಹಿಡಿದು ಬರುವ ಸಂಭವವಿರುವುದರಿಂದ ಈ ವಿಷಯವು ಅಲ್ಲಿ ಇನ್ನಷ್ಟು ಮುಖ್ಯವಾಗುತ್ತದೆ.

ಹಳೆಯ ತಿಳಿವಳಿಕೆ

ಮೀನಿಗೆ ತಕ್ಕ ಎರೆ ಎಂಬ ವಿಚಾರವು ಈ ನಾಡಿಗೆ ಹೊಸದಲ್ಲ. ಹಳೇ ಹುಬ್ಬಳ್ಳಿಯ ಭವಾನಿಶಂಕರ ದೇವಾಲಯ ಹಾಗೂ ಉಣಕಲ್ಲಿನ ಚಂದ್ರಮೌಳೇಶ್ವರ ದೇವಾಲಯಗಳು ಚಾಲುಕ್ಯರ ಕಾಲವನ್ನು ನೆನಪಿಸುತ್ತವೆ. ಕಲ್ಯಾಣದ ಚಾಲುಕ್ಯ ವಂಶದ ಅರಸ ಮೂರನೇ ಸೋಮೇಶ್ವರನು 12ನೇ ಶತಮಾನದ ಪೂರ್ವಾರ್ಧದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಗ್ರಂಥದಲ್ಲಿ ‘ಮತ್ಸ್ಯವಿನೋದ’ ಎಂಬ ಅಧ್ಯಾಯವಿದೆ. ಅದರಲ್ಲಿ ಮೀನುಗಳನ್ನು ಹುರುಪೆ ಇರುವವು, ಹುರುಪೆ ಇಲ್ಲದವು, ದೊಡ್ಡವು, ಸಣ್ಣವು ಎಂದು ವಿಂಗಡಿಸಿ, ಅವುಗಳ ವಾಸಸ್ಥಾನ, ಅವುಗಳಿಗೆ ಒಗ್ಗುವ ಆಹಾರ ಹಾಗೂ ಗಾಳ ಹಾಕುವ ಕ್ರಮವನ್ನು ವಿವರಿಸಲಾಗಿದೆ. ಪ್ರಾಣಿವಿಜ್ಞಾನಿ ಸುಂದರ್ ಲಾಲ್ ಹೋರಾ ಅವರು 20ನೇ ಶತಮಾನದ ಮಧ್ಯಭಾಗದಲ್ಲಿ ಈ ಅಧ್ಯಾಯವನ್ನು ಅಭ್ಯಸಿಸಿ ವಿದ್ವತ್ಲೋಕದ ಗಮನಕ್ಕೆ ತಂದರು. ಮೊದಲು ಮೀನಿನ ಆಹಾರವನ್ನು ಅರಿತು ಅನಂತರ ಎರೆಯನ್ನು ಆರಿಸಬೇಕೆಂಬ ಈ ಕ್ರಮವು ಇಂದಿಗೂ ಸರಿಯಾದುದೇ ಆಗಿದೆ.

ಮೀನಿನ ಬಾಯಿ, ನೀರಿನ ಮಟ್ಟ, ಮೀಸೆ

ಎರೆಯನ್ನು ಆರಿಸುವಾಗ ಮೂರು ಅಂಶಗಳನ್ನು ಗಮನಿಸಬೇಕು. ಮೊದಲನೆಯದು ಬಾಯಿಯ ಆಕಾರ. ಬಾಯಿ ಮೇಲ್ಮುಖವಾಗಿದ್ದರೆ ಮೀನು ನೀರಿನ ಮೇಲ್ಪದರದಲ್ಲಿ ಮೇಯುತ್ತದೆ. ಕೆಳಮುಖವಾಗಿದ್ದರೆ ತಳದಲ್ಲಿ ಮೇಯುತ್ತದೆ. ಎರಡನೆಯದು ಎರೆಯನ್ನು ಯಾವ ಆಳದಲ್ಲಿ ನಿಲ್ಲಿಸಬೇಕೆಂಬುದು. ಇದನ್ನು ಬೆಂಡು ಹಾಗೂ ಸೀಸದ ಗುಂಡಿನಿಂದ ಹೊಂದಿಸಲಾಗುತ್ತದೆ. ಮೂರನೆಯದು ಮೀನು ಆಹಾರವನ್ನು ಪತ್ತೆ ಮಾಡುವ ರೀತಿ. ಉದ್ದ ಮೀಸೆಯ ಮೀನುಗಳು ವಾಸನೆ ಹಾಗೂ ಸ್ಪರ್ಶದಿಂದ ಆಹಾರವನ್ನು ಹುಡುಕುವುದರಿಂದ ರಾತ್ರಿಯಲ್ಲಿ, ರಾಡಿ ನೀರಿನಲ್ಲಿಯೂ ಗಾಳಕ್ಕೆ ಬರುತ್ತವೆ. ಕಣ್ಣಿನಿಂದ ಬೇಟೆಯಾಡುವ ಮೀನುಗಳಿಗೆ ಚಲಿಸುವ ಎರೆ ಬೇಕು.

ಬಿತ್ತನೆಯ ಮೀನುಗಳು ಮತ್ತು ಅವುಗಳ ಎರೆ

ಕಾಟ್ಲಾ, ರೋಹು ಮತ್ತು ಮೃಗಾಲ್ ಉತ್ತರ ಭಾರತದ ನದಿಗಳ ಮೂಲದ ಗೆಂಡೆ ಜಾತಿಯ ಮೀನುಗಳು. ಇವು ಮಳೆಗಾಲದಲ್ಲಿ ಹರಿಯುವ ನದಿನೀರಿನಲ್ಲಿ ಮೊಟ್ಟೆಯಿಡುತ್ತವೆ. ನಿಂತ ಕೆರೆಯಲ್ಲಿ ಸಂತಾನಾಭಿವೃದ್ಧಿ ಮಾಡುವುದಿಲ್ಲ. ಆದುದರಿಂದ ಸಣ್ಣ ಕೆರೆಯಲ್ಲಿ ಸಿಗುವ ಕಾಟ್ಲಾ ಅಥವಾ ರೋಹು ಯಾರೋ ಹಣ ಕೊಟ್ಟು ತಂದು ಬಿಟ್ಟ ಮರಿಯೇ ಆಗಿರುತ್ತದೆ. ತಕರಾರನ್ನು ಇತ್ಯರ್ಥಪಡಿಸುವಾಗ ಸದಸ್ಯರು ನೆನಪಿನಲ್ಲಿಡಬೇಕಾದ ಮೊದಲ ಅಂಶ ಇದು.

ಕಾಟ್ಲಾದ ತಲೆ ದೊಡ್ಡದು, ಬಾಯಿ ಅಗಲ ಹಾಗೂ ಮೇಲ್ಮುಖ. ಇದು ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳನ್ನು ಸೋಸಿ ತಿನ್ನುತ್ತದೆ. ಗಟ್ಟಿ ಉಂಡೆಗಿಂತ, ನೀರಿನಲ್ಲಿ ಮೆಲ್ಲಗೆ ಕರಗಿ ಹರಡುವ ಶೇಂಗಾ ಹಿಂಡಿ ಮತ್ತು ತೌಡಿನ ಮೃದುವಾದ ಮಿಶ್ರಣ ಇದಕ್ಕೆ ಒಗ್ಗುತ್ತದೆ. ಎರೆಯನ್ನು ಬೆಂಡಿನ ಸಮೀಪ, ಮೇಲ್ಪದರದಲ್ಲಿ ನಿಲ್ಲಿಸಬೇಕು.

ರೋಹು ನೀರಿನ ಮಧ್ಯಭಾಗದ ಮೀನು. ಅದರ ತುಟಿಗಳಿಗೆ ಝಾಲರಿಯಂಥ ಅಂಚಿದ್ದು, ಪಾಚಿ ಹಾಗೂ ಕೊಳೆಯುತ್ತಿರುವ ಸಸ್ಯಭಾಗಗಳನ್ನು ಮೇಯಲು ಅನುಕೂಲವಾಗಿದೆ. ಹಿಟ್ಟಿನ ಸಣ್ಣ ಉಂಡೆ ಇದಕ್ಕೆ ಸೂಕ್ತ. ಮೃಗಾಲ್ ತಳದ ಕೊಳೆತ ಪದಾರ್ಥಗಳನ್ನು ತಿನ್ನುವುದರಿಂದ ಅದೇ ಉಂಡೆಯನ್ನು ಗುಂಡು ಕಟ್ಟಿ ತಳಕ್ಕೆ ಇಳಿಸಬೇಕಾಗುತ್ತದೆ.

ಸಾಮಾನ್ಯ ಗೆಂಡೆಯು ವಿದೇಶಿ ಮೂಲದ್ದು. ಇಂದು ಕೆರೆಗಳಲ್ಲಿ ಹರಡಿರುವ ಬ್ಯಾಂಕಾಕ್ ತಳಿಯನ್ನು ಭಾರತಕ್ಕೆ 1957ರಲ್ಲಿ ತರಲಾಯಿತು. ಇದರ ಬಾಯಿ ಕೊಳವೆಯಂತೆ ಮುಂಚಾಚುತ್ತದೆ. ಬಾಯಿಯ ಬದಿಗೆ ಎರಡು ಜೊತೆ ಸಣ್ಣ ಮೀಸೆಗಳಿವೆ. ತಳದ ಕೆಸರನ್ನು ಕೆದಕಿ ಹುಳು, ಕಾಳು, ಬೇರು ಎಲ್ಲವನ್ನೂ ತಿನ್ನುವ ಇದು ಬೇಯಿಸಿದ ಗೋವಿನಜೋಳದ ಕಾಳು, ಹಿಟ್ಟಿನ ಉಂಡೆ, ಎರೆಹುಳು ಮೂರಕ್ಕೂ ಬರುತ್ತದೆ. ಜಲಸಸ್ಯಗಳಿಗೆ ಮೊಟ್ಟೆ ಅಂಟಿಸಿ ಕೆರೆಯಲ್ಲಿಯೇ ಮರಿ ಮಾಡಬಲ್ಲದಾದ್ದರಿಂದ ಇದು ಬಿಟ್ಟ ಮೀನೋ, ತಾನಾಗಿ ಹುಟ್ಟಿದ ಮೀನೋ ಎಂದು ಹೇಳುವುದು ಕಷ್ಟ. ಗುತ್ತಿಗೆಯ ಷರತ್ತಿನಲ್ಲಿ ಇದರ ಹೆಸರನ್ನು ಪ್ರತ್ಯೇಕವಾಗಿ ಬರೆಯುವುದು ಒಳಿತು. ಹುಲ್ಲುಗೆಂಡೆಯು ಹೆಸರಿಗೆ ತಕ್ಕಂತೆ ಹುಲ್ಲು, ಎಲೆ ಮತ್ತು ಜಲಸಸ್ಯಗಳನ್ನು ತಿನ್ನುತ್ತದೆ.

ತಾನಾಗಿ ಬೆಳೆಯುವ ಮೀನುಗಳು ಮತ್ತು ಅವುಗಳ ಎರೆ

ತಿಲಾಪಿಯಾ ಮೀನನ್ನು ಜನರು ಜಿಲೇಬಿ ಮೀನು ಎಂದೂ ಕರೆಯುವುದುಂಟು. ಆಫ್ರಿಕಾ ಮೂಲದ ಈ ಮೀನು ಭಾರತಕ್ಕೆ ಬಂದದ್ದು 1952ರಲ್ಲಿ. ತಾಯಿಮೀನು ಮೊಟ್ಟೆಮರಿಗಳನ್ನು ಬಾಯಿಯಲ್ಲಿಟ್ಟು ಕಾಯುವುದರಿಂದ ಇದರ ಸಂಖ್ಯೆ ಬೇಗನೆ ಏರುತ್ತದೆ. ಬಿತ್ತನೆಯ ಮರಿಗಳೊಂದಿಗೆ ಆಹಾರಕ್ಕೆ ಪೈಪೋಟಿ ನಡೆಸುತ್ತದೆ. ಸಣ್ಣ ಗಾಳಕ್ಕೆ ಎರೆಹುಳುವಿನ ತುಂಡು ಸಿಕ್ಕಿಸಿದರೆ ಸಾಕು, ದಂಡೆಯ ಸಮೀಪದಲ್ಲಿಯೇ ಸಿಗುತ್ತದೆ.

ಮೀಸೆಯುಳ್ಳ ಗಿರ್ಲು ಮೊದಲಾದ ಹುರುಪೆ ಇಲ್ಲದ ಮೀನುಗಳು ಸಂಜೆ ಕತ್ತಲಾದ ಮೇಲೆ ತಳದಲ್ಲಿ ಸಂಚರಿಸುತ್ತವೆ. ಎರೆಹುಳು ಅಥವಾ ಕೋಳಿಯ ಕರುಳಿನ ತುಂಡಿನಂಥ ವಾಸನೆಯುಳ್ಳ ಎರೆ ಇವುಗಳಿಗೆ ತಕ್ಕುದು. ಇವುಗಳ ಮುಳ್ಳು ಚುಚ್ಚಿದರೆ ತೀವ್ರ ನೋವಾಗುವುದರಿಂದ ಗಾಳ ಬಿಡಿಸುವಾಗ ಬಟ್ಟೆಯಲ್ಲಿ ಹಿಡಿಯಬೇಕು.

ಕೊರವ ಎಂಬ ಹೆಸರಿನ ಮೀನು ಗಾಳಿಯನ್ನು ಉಸಿರಾಡಬಲ್ಲದು. ಆದ್ದರಿಂದ ಬೇಸಿಗೆಯಲ್ಲಿ ತಗ್ಗಿನ ಕೆಸರುನೀರಿನಲ್ಲಿಯೂ ಉಳಿಯುತ್ತದೆ. ಕೊರವ ಹಾಗೂ ಬಾಳೆಮೀನು ಬೇಟೆಯಾಡುವ ಮೀನುಗಳಾಗಿದ್ದು, ಬಿತ್ತನೆಯ ಮರಿಗಳನ್ನು ನುಂಗುತ್ತವೆ. ಇವುಗಳಿಗೆ ಸತ್ತ ಸಣ್ಣ ಮೀನು, ದಪ್ಪ ಎರೆಹುಳು ಅಥವಾ ಹೊಳೆಯುವ ಕೃತಕ ಎರೆಯನ್ನು ಎಳೆದಾಡಿಸಬೇಕು. ಮರಿ ಬಿಡುವ ಮುನ್ನ ಇವುಗಳನ್ನು ಗಾಳದಿಂದ ಹಿಡಿದು ತೆಗೆದರೆ ಗುತ್ತಿಗೆದಾರರಿಗೇ ಲಾಭ. ಆದರೆ ಕೊರವದ ತಂದೆತಾಯಿ ಮೀನುಗಳು ಮರಿಗಳ ಗುಂಪನ್ನು ಕಾಯುತ್ತಿರುವಾಗ ಅವುಗಳನ್ನು ಹಿಡಿದರೆ ಮರಿಗಳೂ ಉಳಿಯುವುದಿಲ್ಲ. ದೇಶೀಯ ಮೀನಿನ ಉಳಿವಿನ ದೃಷ್ಟಿಯಿಂದ ಆ ಅವಧಿಯಲ್ಲಿ ಬಿಡುವು ನೀಡಬೇಕು.

ಅಡುಗೆಮನೆಯ ಎರೆ

ಹಿಟ್ಟಿನ ಎರೆಗೆ ಬೇಕಾದ ಗುಣ ಅಂಟು. ಗೋಧಿಹಿಟ್ಟಿನಲ್ಲಿ ನಾದಿದಾಗ ಬಲಗೊಳ್ಳುವ ಅಂಟಿನ ಅಂಶವಿರುವುದರಿಂದ ಉಂಡೆ ಗಾಳಕ್ಕೆ ಕಚ್ಚಿಕೊಳ್ಳುತ್ತದೆ. ಜೋಳದ ಹಿಟ್ಟಿನಲ್ಲಿ ಆ ಅಂಶವಿಲ್ಲ; ತಣ್ಣೀರಿನಲ್ಲಿ ಕಲಸಿದ ಉಂಡೆ ನೀರಿಗೆ ಬಿದ್ದೊಡನೆ ಬಿಚ್ಚಿಹೋಗುತ್ತದೆ. ರೊಟ್ಟಿಗೆ ಮಾಡುವಂತೆ ಕುದಿಯುವ ನೀರು ಹಾಕಿ ನಾದಿದರೆ ಹಿಟ್ಟಿನ ಪಿಷ್ಟವು ಬೆಂದು ಹಿಡಿತ ಬರುತ್ತದೆ. ಕಾವೇರಿ ತೀರದಲ್ಲಿ ಮಹಶೀರ್ ಮೀನಿಗೆ ಬೇಯಿಸಿದ ರಾಗಿ ಹಿಟ್ಟಿನ ಉಂಡೆಯನ್ನು ಬಳಸುತ್ತಿದ್ದುದು ಪ್ರಸಿದ್ಧ. ರಭಸದ ಹೊಳೆಯಲ್ಲಿಯೂ ಅದು ಗಾಳದಿಂದ ಕಳಚದಿರುವುದಕ್ಕೆ ಇದೇ ಕಾರಣ. ಆ ನದಿಯ ಡುಬ್ಬದ ಮಹಶೀರ್ ಇಂದು ಅಳಿವಿನಂಚಿನಲ್ಲಿದೆ. ಎರೆ ಎಷ್ಟೇ ಸರಿಯಾಗಿದ್ದರೂ ಮೀನೇ ಉಳಿಯದಿದ್ದರೆ ಪ್ರಯೋಜನವಿಲ್ಲ.

ಹಾಕಬಾರದ ಎರೆ

ಮೊದಲನೆಯದು ವಿಷ. ಕೀಟನಾಶಕ ಬೆರೆಸಿದ ಉಂಡೆ ಅಥವಾ ನಂಜಿನ ಕಾಯಿಯ ಪುಡಿಯನ್ನು ನೀರಿಗೆ ಹಾಕಿ ಮೀನು ತೇಲಿಸುವುದು ಎರೆ ಹಾಕುವುದಲ್ಲ, ಕೆರೆಯನ್ನು ಕೊಲ್ಲುವುದು. ಅದೇ ನೀರನ್ನು ದನಕರುಗಳು ಕುಡಿಯುತ್ತವೆ, ಆ ಮೀನನ್ನು ಊರಿನವರೇ ತಿನ್ನುತ್ತಾರೆ. 1897ರ ಭಾರತೀಯ ಮೀನುಗಾರಿಕೆ ಅಧಿನಿಯಮದ 4 ಮತ್ತು 5ನೇ ಪ್ರಕರಣಗಳು ಸಿಡಿಮದ್ದು ಹಾಗೂ ವಿಷದಿಂದ ಮೀನು ಕೊಲ್ಲುವುದನ್ನು ಅಪರಾಧವೆಂದು ಸಾರಿವೆ.

ಎರಡನೆಯದು ಬೇರೆಡೆಯಿಂದ ತಂದ ಜೀವಂತ ಮೀನು. ಗಾಳಕ್ಕೆಂದು ತಂದು ಉಳಿದ ಮರಿಗಳನ್ನು ಕೆರೆಗೆ ಸುರಿದರೆ ಪರಕೀಯ ಜಾತಿ ನೆಲೆಯೂರಬಹುದು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಯನ್ನು ದೇಶದಲ್ಲಿ ನಿಷೇಧಿಸಿರುವುದು ಅದು ದೇಶೀಯ ಮೀನುಗಳನ್ನು ತಿಂದುಹಾಕುತ್ತದೆ ಎಂಬ ಕಾರಣಕ್ಕೇ. ಹುಬ್ಬಳ್ಳಿ–ಧಾರವಾಡದ ನೆಲವು ಜಲಾನಯನಗಳ ನಡುವಿನ ದಿಬ್ಬ. ಒಂದೆಡೆಯ ನೀರು ಬೆಣ್ಣೆಹಳ್ಳದ ಮೂಲಕ ಮಲಪ್ರಭೆಯನ್ನು, ಇನ್ನೊಂದೆಡೆಯ ನೀರು ಬೇಡ್ತಿಯ ಮೂಲಕ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಕೋಡಿ ಬಿದ್ದ ವರ್ಷ ಇಲ್ಲಿನ ಒಂದು ಕೆರೆಯ ತಪ್ಪು ದೂರದ ಹೊಳೆಯನ್ನು ಮುಟ್ಟಬಹುದು.

ಮೂರನೆಯದು ಕಪ್ಪೆ. ಕೊರವಕ್ಕೆ ಕಪ್ಪೆ ಒಳ್ಳೆಯ ಎರೆಯೆಂಬುದು ನಿಜ. ಆದರೆ ಹೊಲದ ಕೀಟಗಳನ್ನು ತಿನ್ನುವ ಕಪ್ಪೆಗಳ ರಕ್ಷಣೆಗಾಗಿಯೇ ಕಪ್ಪೆಕಾಲಿನ ರಫ್ತನ್ನು ದೇಶವು 1987ರಲ್ಲಿ ನಿಲ್ಲಿಸಿತು. ಒಂದು ಮೀನಿಗಾಗಿ ರೈತರ ಮಿತ್ರನನ್ನು ಕೊಲ್ಲುವುದು ತರವಲ್ಲ.

ನಾಲ್ಕನೆಯದು ಮಿತಿಮೀರಿದ ಹಿಂಡಿ. ಮೀನನ್ನು ಸೆಳೆಯಲು ಬುಟ್ಟಿಗಟ್ಟಲೆ ಹಿಂಡಿ, ತೌಡು ಎರಚಿದರೆ ಉಳಿದುದು ತಳದಲ್ಲಿ ಕೊಳೆತು ನೀರಿನ ಆಮ್ಲಜನಕವನ್ನು ಹೀರುತ್ತದೆ. ಗೆಂಡೆ ಮೀನುಗಳಿಗೆ ಪ್ರತಿ ಲೀಟರ್ ನೀರಿನಲ್ಲಿ ಸುಮಾರು 5 ಮಿಲಿಗ್ರಾಂ ಆಮ್ಲಜನಕವಿದ್ದರೆ ಹಿತ. ರಾತ್ರಿಯಲ್ಲಿ ಪಾಚಿಯೂ ಆಮ್ಲಜನಕವನ್ನು ಬಳಸುವುದರಿಂದ ನಸುಕಿನಲ್ಲಿ ಈ ಪ್ರಮಾಣವು ಅತ್ಯಂತ ಕಡಿಮೆ ಇರುತ್ತದೆ. ಬೇಸಿಗೆಯ ಮುಂಜಾನೆ ಮೀನುಗಳು ನೀರಿನ ಮೇಲೆ ಬಾಯಿ ತೆರೆಯುತ್ತಿದ್ದರೆ ವಿಷಪ್ರಾಶನವೆಂದು ತೀರ್ಮಾನಿಸುವ ಮೊದಲು ಈ ಕಾರಣವನ್ನೂ ಪರಿಶೀಲಿಸಬೇಕು.

ಪಂಚಾಯತಿ ಕೈಗೊಳ್ಳಬಹುದಾದ ಕ್ರಮಗಳು

1. ಕೆರೆಯು ಮೀನುಗಾರಿಕೆ ಇಲಾಖೆಯ ಪಟ್ಟಿಯಲ್ಲಿದೆಯೋ, ಗ್ರಾಮ ಪಂಚಾಯತಿಗೆ ಸೇರಿದೆಯೋ ಎಂಬುದನ್ನು ದಾಖಲೆಯಿಂದ ಖಚಿತಪಡಿಸಿಕೊಳ್ಳಬೇಕು. ಇಲಾಖೆಯ ಕೆರೆಯಾದಲ್ಲಿ ಷರತ್ತುಗಳ ಕುರಿತು ಸಭೆಯ ಅಭಿಪ್ರಾಯವನ್ನು ಇಲಾಖೆಗೆ ಬರೆಯಬಹುದು.

2. ಪಂಚಾಯತಿಯ ಕೆರೆಯಾದಲ್ಲಿ, ಗುತ್ತಿಗೆಯ ಪ್ರಕಟಣೆಗೆ ಮೊದಲೇ ಗಾಳದ ವಿಷಯವನ್ನು ಸಭೆಯಲ್ಲಿ ಚರ್ಚಿಸಿ, 1996ರ ಕರ್ನಾಟಕ ಒಳನಾಡು ಮೀನುಗಾರಿಕೆ ಅಧಿನಿಯಮ ಹಾಗೂ ನಿಯಮಗಳಿಗೆ ಒಳಪಟ್ಟು ಷರತ್ತು ಸೇರಿಸಬೇಕು. ಗುತ್ತಿಗೆ ಕೊಟ್ಟ ಮೇಲೆ ಸೇರಿಸುವ ಷರತ್ತು ತಕರಾರಿಗೆ ಎಡೆಮಾಡುತ್ತದೆ.

3. ಮನೆಬಳಕೆಗಾಗಿ, ಒಬ್ಬರಿಗೆ ಒಂದು ಗಾಳದಂತೆ, ಸಣ್ಣ ಗಾಳ ಮತ್ತು ಎರೆಹುಳುವಿನಿಂದ ತಿಲಾಪಿಯಾ, ಗಿರ್ಲು ಮುಂತಾದ ತಾನಾಗಿ ಬೆಳೆಯುವ ಮೀನು ಹಿಡಿಯಲು ಅವಕಾಶ ನೀಡುವುದನ್ನು ಪರಿಗಣಿಸಬಹುದು. ಹಿಂಡಿ ಹಾಗೂ ಹಿಟ್ಟಿನ ಎರೆಯನ್ನು ಗುತ್ತಿಗೆದಾರರ ಒಪ್ಪಿಗೆಗೆ ಬಿಡಬಹುದು. ಎರೆಹುಳುವಿಗೆ ಗೆಂಡೆ ಬಂದರೆ ಅದನ್ನು ಒದ್ದೆ ಕೈಯಿಂದ ಹಿಡಿದು ಮರಳಿ ನೀರಿಗೆ ಬಿಡಬೇಕೆಂದು ಬರೆಯಬೇಕು.

4. ಮರಿ ಬಿತ್ತಿದ ಬಳಿಕ ಅವು ಬಲಿಯುವವರೆಗೆ ಗಾಳಕ್ಕೆ ಬಿಡುವು ನೀಡಬೇಕು. ಅವಧಿಯನ್ನು ತಾಲ್ಲೂಕಿನ ಮೀನುಗಾರಿಕೆ ಕಚೇರಿಯ ಸಲಹೆಯಂತೆ ನಿಗದಿಪಡಿಸಬೇಕು.

5. ತುಂಡಾದ ನೈಲಾನ್ ದಾರ ಹಾಗೂ ಗಾಳಗಳು ನೀರುಹಕ್ಕಿಗಳ ಕಾಲಿಗೆ, ದನಗಳ ಬಾಯಿಗೆ ಸಿಲುಕುತ್ತವೆ. ದಂಡೆಯಲ್ಲಿ ಕಸದ ಡಬ್ಬಿ ಇರಿಸಿ, ದಾರವನ್ನು ಅಲ್ಲಿಯೇ ಹಾಕುವಂತೆ ಸೂಚಿಸಬೇಕು.

6. ಇವೆಲ್ಲವನ್ನೂ ಕೆರೆಯ ಏರಿಯ ಮೇಲೆ ದೊಡ್ಡ ಅಕ್ಷರಗಳ ಫಲಕದಲ್ಲಿ, ಮೀನಿನ ಚಿತ್ರಗಳೊಂದಿಗೆ ಬರೆಯಿಸಬೇಕು. ಓದು ಬಾರದವರಿಗೂ ಕಾಟ್ಲಾದ ಬಾಯಿಯ ಚಿತ್ರ ಅರ್ಥವಾಗುತ್ತದೆ.

ಗಾಳ ಹಿಡಿದು ಕುಳಿತವರಲ್ಲಿ ಅನೇಕರಿಗೆ ಆ ದಿನದ ಮೀನು ಆ ದಿನದ ಊಟ. ಗುತ್ತಿಗೆ ಹಿಡಿದವರಿಗೆ ಅದು ವರ್ಷದ ದುಡಿಮೆ, ಹಲವೊಮ್ಮೆ ಸಾಲದ ಹಣ. ಇಬ್ಬರ ಹಿತವೂ ಒಂದೇ ನೀರಿನಲ್ಲಿದೆ. ಎರೆಹುಳುವಿಗೂ ಹಿಂಡಿಯ ಉಂಡೆಗೂ ಇರುವ ವ್ಯತ್ಯಾಸವನ್ನು ಸಭೆಯು ಅರಿತು ನಡವಳಿ ಪುಸ್ತಕದಲ್ಲಿ ನಾಲ್ಕು ಸಾಲು ಬರೆದರೆ, ದಂಡೆಯ ಮೇಲೆ ನಡೆಯುವ ಜಗಳಗಳಲ್ಲಿ ಹೆಚ್ಚಿನವು ಸಭೆಯವರೆಗೆ ಬಾರದೆ ಅಲ್ಲಿಯೇ ಮುಗಿಯುತ್ತವೆ.