ಸ್ಕೇಲಿನ ತುದಿಯಲ್ಲೊಂದು ಕೂದಲೆಳೆ

ಮನೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿದ್ದರೆ ಅವರ ಮೂವತ್ತು ಸೆಂಟಿಮೀಟರಿನ ಸ್ಕೇಲನ್ನು ಒಂದು ಗಳಿಗೆ ಕಡ ತೆಗೆದುಕೊಳ್ಳಿ. ನಮ್ಮ ಕಾಲದಲ್ಲಿ ಅದು ಗೆರೆ ಎಳೆದದ್ದಕ್ಕಿಂತ ಅಂಗೈ ಮೇಲೆ ಬಿದ್ದದ್ದೇ ಹೆಚ್ಚು. ಈಗ ಬೇರೆ ಕೆಲಸಕ್ಕೆ ಬೇಕು. ಒಂದು ಮಿಲಿಮೀಟರ್ ಅಂದರೆ ಸಾವಿರ ವರ್ಷ ಎಂದು ಲೆಕ್ಕ ಹಿಡಿಯಿರಿ. ಮೊರಾಕೊದ ಜೆಬೆಲ್ ಇರ್ಹೂದ್‌ನಲ್ಲಿ ಸಿಕ್ಕ, ನಮ್ಮ ಪ್ರಭೇದದ್ದೇ ಎನ್ನಲಾದ ಮೂಳೆಗಳ ವಯಸ್ಸು ಸುಮಾರು 3 ಲಕ್ಷ ವರ್ಷ. ಅಲ್ಲಿಗೆ ಸೊನ್ನೆಯಿಂದ ಮೂವತ್ತರವರೆಗೆ ಇಡೀ ಸ್ಕೇಲು ಮನುಷ್ಯನ ಚರಿತ್ರೆಗೇ ಸರಿಹೋಯಿತು.

ಇದರಲ್ಲಿ 28 ಸೆಂಟಿಮೀಟರಿಗೂ ಹೆಚ್ಚು ಭಾಗ ನಾವು ಬೇಟೆಯಾಡುತ್ತ, ಗೆಡ್ಡೆ ಅಗೆಯುತ್ತ ಅಲೆದದ್ದು. ಬೇಸಾಯ ಶುರುವಾದದ್ದು ಕೊನೆಯ ಹನ್ನೊಂದು ಹನ್ನೆರಡು ಮಿಲಿಮೀಟರಿನಲ್ಲಿ, ಬರವಣಿಗೆ ಕೊನೆಯ ಐದರಲ್ಲಿ. ಹಲ್ಮಿಡಿ ಶಾಸನದಿಂದ ಇವತ್ತು ಬೆಳಗ್ಗೆ ಬಾಗಿಲಿಗೆ ಬಿದ್ದ ಪೇಪರಿನವರೆಗೆ, ಪಂಪ, ಬಸವಣ್ಣ, ಕುವೆಂಪು ಎಲ್ಲರೂ ಸೇರಿ, ಒಂದೂವರೆ ಮಿಲಿಮೀಟರು. ಅಣುಬಾಂಬು ಬಂದು 80 ವರ್ಷವಾಯಿತು. ಸ್ಕೇಲಿನ ಮೇಲೆ ಅದು 0.08 ಮಿಲಿಮೀಟರ್, ಹೆಚ್ಚುಕಡಿಮೆ ನಿಮ್ಮ ತಲೆಯ ಒಂದು ಕೂದಲಿನ ದಪ್ಪ. ತನ್ನ ವಂಶವನ್ನು ತಾನೇ ನಿರ್ನಾಮ ಮಾಡಿಕೊಳ್ಳುವ ತಾಕತ್ತು ಮನುಷ್ಯನಿಗೆ ಬಂದು ಆಗಿರುವುದು ಅಷ್ಟೇ ಕಾಲ.

ಸ್ಕೇಲಿನಾಚೆ ಏನಿದೆ ನೋಡಿ. ಸಸ್ತನಿಗಳ ಒಂದು ಪ್ರಭೇದ ಸಾಮಾನ್ಯವಾಗಿ 10 ಲಕ್ಷ ವರ್ಷದ ಆಸುಪಾಸು ಬಾಳುತ್ತದೆ ಎಂದು ಪಳೆಯುಳಿಕೆಗಳನ್ನು ನೋಡಿ ಅಂದಾಜು ಮಾಡಿದ್ದಾರೆ. ಅದು ಬಟ್ಟೆ ಅಂಗಡಿಯ ಮೀಟರ್ ಕೋಲು. ನಾವು ಮೂವತ್ತು ಸೆಂಟಿಮೀಟರ್ ಅಳೆದಿದ್ದೇವೆ, ಎಪ್ಪತ್ತು ಬಾಕಿ. ಬುದ್ಧಿ ಇರುವವರು ನಾವು, ಇಲಿ ಹೆಗ್ಗಣಗಳ ಸರಾಸರಿಗೆ ಯಾಕೆ ನಿಲ್ಲಬೇಕು ಎನ್ನುವಿರಾದರೆ, ಸೂರ್ಯ ಕಾವೇರಿಸಿಕೊಂಡು ಭೂಮಿಯ ಕಡಲುಗಳನ್ನು ಒಣಗಿಸಲು ಇನ್ನೂ ಸುಮಾರು 100 ಕೋಟಿ ವರ್ಷ ಇದೆ. ಅದು ಒಂದು ಕಿಲೋಮೀಟರ್. ಕೈಯಲ್ಲಿ ಸ್ಕೇಲು, ಮುಂದೆ ಹತ್ತು ಹನ್ನೆರಡು ನಿಮಿಷ ನಡೆಯಬೇಕಾದ ದಾರಿ. ಹಿಂದಕ್ಕೆ ತಿರುಗಿದರೆ ಬೆಂಗಳೂರಿನ ಲಾಲ್‌ಬಾಗಿನಲ್ಲಿ ಜನ ಕಡಲೆಕಾಯಿ ತಿನ್ನುತ್ತ ಕೂರುವ ಬಂಡೆ ಹುಟ್ಟಿದ್ದು 3 ಕಿಲೋಮೀಟರ್ ಆಚೆ, 300 ಕೋಟಿ ವರ್ಷದ ಕೆಳಗೆ.

ಇಂಥ ಉದ್ದ ನಮಗೆ ಹೊಸದೂ ಅಲ್ಲ. ಪೂಜೆಗೆ ಕೂತಾಗ ಪುರೋಹಿತರು ಸಂಕಲ್ಪದಲ್ಲಿ ಕಲ್ಪ, ಮನ್ವಂತರ, ಯುಗ, ಪಾದ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸುತ್ತಾರಲ್ಲ, ಅದು ಇದೇ ಅಳತೆಯ ವಿಳಾಸ. ಬ್ರಹ್ಮನ ಒಂದು ಹಗಲು 432 ಕೋಟಿ ವರ್ಷ, ನಮ್ಮ ಸ್ಕೇಲಿನಲ್ಲಿ 4.32 ಕಿಲೋಮೀಟರ್. ಭೂಮಿಯ ವಯಸ್ಸು 454 ಕೋಟಿ ಎಂದು ನೆನೆದು ಎದೆ ಉಬ್ಬಿಸುವವರಿದ್ದಾರೆ. ನನಗೆ ಅದು ಕಾಕತಾಳೀಯವಾಗಿಯೇ ಕಾಣುತ್ತದೆ. ಮಜಾ ಇರುವುದು ಕಲಿಯುಗದಲ್ಲಿ. ಒಟ್ಟು 4,32,000 ವರ್ಷ, ಅಂದರೆ 43 ಸೆಂಟಿಮೀಟರ್. ಕಳೆದಿರುವುದು 5 ಮಿಲಿಮೀಟರ್ ಚಿಲ್ಲರೆ. ಹಾಲಿನ ದರ ಏರಿದಾಗಲೆಲ್ಲ "ಕಲಿಗಾಲ, ಎಲ್ಲ ಮುಗೀತು ಬಿಡಿ" ಎನ್ನುವ ನಮ್ಮ ಹಿರಿಯರು ಇದನ್ನು ಗಮನಿಸಿದಂತಿಲ್ಲ.

ಇನ್ನು ತಲೆ ಎಣಿಕೆ. ಈವರೆಗೆ ಈ ಭೂಮಿಯ ಮೇಲೆ ಹುಟ್ಟಿದ ಮನುಷ್ಯರು ಸುಮಾರು 11,700 ಕೋಟಿ ಎಂದು ಜನಸಂಖ್ಯಾ ತಜ್ಞರ ಅಂದಾಜು. ಇವತ್ತು ಬದುಕಿರುವವರು 800 ಕೋಟಿಗೂ ಹೆಚ್ಚು. ಹುಟ್ಟಿದ ಹದಿನಾಲ್ಕು ಹದಿನೈದು ಜನರಲ್ಲಿ ಒಬ್ಬರು ಈಗಲೂ ಉಸಿರಾಡುತ್ತಿದ್ದಾರೆ. ಮುಂದಿನವರನ್ನು ಎಣಿಸೋಣ. ಈಗ ವರ್ಷಕ್ಕೆ 13 ಕೋಟಿ ಕೂಸುಗಳು ಹುಟ್ಟುತ್ತಿವೆ; ಇಳಿಮುಖವಾಗಿದೆ, 10 ಕೋಟಿ ಎಂದೇ ಹಿಡಿಯಿರಿ. ಉಳಿದ ಎಪ್ಪತ್ತು ಸೆಂಟಿಮೀಟರಿಗೆ, ಅಂದರೆ 7 ಲಕ್ಷ ವರ್ಷಕ್ಕೆ, 70 ಲಕ್ಷ ಕೋಟಿ ಜನ. ಬಂದುಹೋದ ಒಬ್ಬೊಬ್ಬರಿಗೂ ಬರಬೇಕಾದವರು 600 ಜನ. ಊಟಕ್ಕೆ ಮೊದಲ ಪಂಕ್ತಿ ಕೂತಿದೆ, ಹೊರಗೆ 600 ಪಂಕ್ತಿ ಕಾದಿದೆ.

ಇಷ್ಟು ಉದ್ದದ ವಿಷಯಕ್ಕೆ ದೊಡ್ಡವರು ಬಾಜಿ ಕಟ್ಟಿದ್ದು ಎಷ್ಟಕ್ಕೆ ಗೊತ್ತೇ? ಜನಸಂಖ್ಯೆ ಸ್ಫೋಟಿಸಿ ಲೋಕ ಹಸಿವಿನಿಂದ ಸಾಯುತ್ತದೆ ಎಂದು 1968ರಲ್ಲಿ ಪುಸ್ತಕ ಬರೆದ ಜೀವವಿಜ್ಞಾನಿ ಪಾಲ್ ಎರ್ಲಿಕ್ ನಿರಾಶಾವಾದಿ. ಮನುಷ್ಯನ ಬುದ್ಧಿಗಿಂತ ದೊಡ್ಡ ಗಣಿ ಇಲ್ಲ ಎನ್ನುತ್ತಿದ್ದ ಅರ್ಥಶಾಸ್ತ್ರಜ್ಞ ಜೂಲಿಯನ್ ಸೈಮನ್ ಆಶಾವಾದಿ. 1980ರಲ್ಲಿ ತಾಮ್ರ, ಕ್ರೋಮಿಯಂ, ನಿಕಲ್, ತವರ, ಟಂಗ್‌ಸ್ಟನ್ ಈ ಐದರ ಬೆಲೆ ಹತ್ತು ವರ್ಷದಲ್ಲಿ ಏರುತ್ತದೋ ಇಳಿಯುತ್ತದೋ ಎಂದು ಸಾವಿರ ಡಾಲರಿನ ಲೆಕ್ಕದಲ್ಲಿ ಪಂಥ. ಆ ಹತ್ತು ವರ್ಷದಲ್ಲಿ ಜನ 80 ಕೋಟಿಗೂ ಮೀರಿ ಹೆಚ್ಚಿದರು, ಲೋಹದ ಬೆಲೆ ಮಾತ್ರ ಇಳಿಯಿತು. 1990ರಲ್ಲಿ ಎರ್ಲಿಕ್ 576 ಡಾಲರ್ 7 ಸೆಂಟಿನ ಚೆಕ್ ಕಳಿಸಿದರು. ಆಶಾವಾದ ಗೆದ್ದಿತು ಎಂದು ಇವತ್ತಿಗೂ ಬರೆಯುತ್ತಾರೆ. ಆದರೆ ಬೇರೆ ಹತ್ತು ವರ್ಷ ಆರಿಸಿದ್ದರೆ ಎಷ್ಟೋ ಸಲ ಎರ್ಲಿಕ್ ಗೆಲ್ಲುತ್ತಿದ್ದರು. ಹತ್ತು ವರ್ಷವೆಂದರೆ ನಮ್ಮ ಸ್ಕೇಲಿನಲ್ಲಿ ಒಂದು ಮಿಲಿಮೀಟರಿನ ನೂರನೇ ಒಂದು ಪಾಲು. ಅಷ್ಟರಲ್ಲಿ ಮನುಕುಲದ ಜಾತಕ ಬರೆಯಲು ಹೊರಟದ್ದೇ ತಪ್ಪು ಎನ್ನುತ್ತೇನೆ.

ಜಾತಕ ಇರುವುದು ಛೇದದಲ್ಲಿ. ಭಿನ್ನರಾಶಿಯ ಕೆಳಗಿನ ಅಂಕಿ. ಆಕ್ಸ್‌ಫರ್ಡಿನ ತತ್ತ್ವಶಾಸ್ತ್ರಜ್ಞ ಟೋಬಿ ಆರ್ಡ್ 2020ರ ತಮ್ಮ ಪುಸ್ತಕದಲ್ಲಿ, ಈ ಒಂದು ಶತಮಾನದಲ್ಲಿ ಮನುಕುಲ ಚೇತರಿಸಿಕೊಳ್ಳಲಾಗದ ಪೆಟ್ಟು ತಿನ್ನುವ ಸಂಭವ ಆರರಲ್ಲಿ ಒಂದು ಎಂದು ಅಂದಾಜಿಸಿದರು. ದಾಳದ ಆರು ಮುಖದಲ್ಲಿ ಒಂದು. ಇದು ಅಳೆದು ತಂದ ಅಂಕಿಯಲ್ಲ, ಬಲ್ಲವರೊಬ್ಬರ ಊಹೆ. ಆದರೂ ಗುಣಾಕಾರ ಮಾಡಿ ನೋಡಿ. ಪ್ರತಿ ಶತಮಾನವೂ ಹೀಗೇ ಇದ್ದರೆ ಮುಂದಿನ ಒಂದು ಮಿಲಿಮೀಟರ್ ದಾಟುವ ಅವಕಾಶ ನೂರಕ್ಕೆ 16. ಒಂದು ಸೆಂಟಿಮೀಟರ್ ದಾಟುವುದು ಎಂಟು ಕೋಟಿಗೊಂದು, ಲಾಟರಿ ಟಿಕೆಟ್ಟು. ಛೇದವನ್ನು ಸಾವಿರಕ್ಕೆ ಏರಿಸಿ: ಸೆಂಟಿಮೀಟರ್ ದಾಟುವುದು ನೂರಕ್ಕೆ 90, ಆದರೆ ಮೀಟರ್ ಕೋಲಿನ ತುದಿ ಮುಟ್ಟುವುದು ಸಾವಿರದ ನೂರಕ್ಕೆ ಒಂದೇ. ಹತ್ತು ಸಾವಿರಕ್ಕೆ ಏರಿಸಿ, ಆಗ ತುದಿ ಮುಟ್ಟುವ ಅವಕಾಶ ಹೆಚ್ಚುಕಡಿಮೆ ಅರ್ಧಕ್ಕರ್ಧ. ಉಲ್ಕೆ, ಜ್ವಾಲಾಮುಖಿ ಮುಂತಾಗಿ ಪ್ರಕೃತಿಯಿಂದ ಬರುವ ಅಪಾಯಕ್ಕೆ ಆರ್ಡ್ ಕೊಡುವ ಅಂಕಿ ಇದೇ ಹತ್ತು ಸಾವಿರ. ಅದನ್ನು ಆರಕ್ಕೆ ಇಳಿಸಿಕೊಂಡವರು ನಾವೇ, ಅದೂ ಕೂದಲೆಳೆಯಷ್ಟು ಕಾಲದಲ್ಲಿ.

ಛೇದ ಹೇಗೆ ಏರುತ್ತದೆ, ಇಳಿಯುತ್ತದೆ? 1983ರ ಸೆಪ್ಟೆಂಬರ್ 26ರ ನಡುರಾತ್ರಿ ಮಾಸ್ಕೋ ಬಳಿಯ ನೆಲಮಾಳಿಗೆಯೊಂದರಲ್ಲಿ ಸ್ಟಾನಿಸ್ಲಾವ್ ಪೆಟ್ರೋವ್ ಎಂಬ ಲೆಫ್ಟಿನೆಂಟ್ ಕರ್ನಲ್ ಪಾಳಿಯಲ್ಲಿದ್ದ. ಸೈರನ್ ಕೂಗಿತು. ಅಮೆರಿಕ ಕ್ಷಿಪಣಿ ಹಾರಿಸಿದೆ ಎಂದು ಉಪಗ್ರಹದ ಸುದ್ದಿ. ಮೊದಲು ಒಂದು, ಆಮೇಲೆ ನಾಲ್ಕು. ಮೇಲಿನವರಿಗೆ ದಾಳಿ ಎಂದು ತಿಳಿಸುವುದು ಅವನ ಕೆಲಸ. ಯುದ್ಧ ಮಾಡುವವರು ಐದೇ ಕ್ಷಿಪಣಿಯಿಂದ ಶುರುಮಾಡುತ್ತಾರೆಯೇ ಎಂದು ಅವನಿಗೆ ಅನುಮಾನ. ಸುಳ್ಳು ಎಚ್ಚರಿಕೆ ಎಂದು ವರದಿ ಮಾಡಿದ. ಉಪಗ್ರಹ ಕಂಡದ್ದು ಮೋಡದ ಮೇಲೆ ಹೊಳೆದ ಬಿಸಿಲನ್ನು. 600 ಪಂಕ್ತಿಯ ಊಟ ಆ ರಾತ್ರಿ ಒಬ್ಬನ ಅನುಮಾನದ ಮೇಲೆ ನಿಂತಿತ್ತು.

ಹಾಗೆಂದು ತಲೆ ಮೇಲೆ ಕೈ ಹೊತ್ತು ಕೂರುವ ಹಾಗೂ ಇಲ್ಲ. 1986ರಲ್ಲಿ ಜಗತ್ತಿನಲ್ಲಿ ಸುಮಾರು 70,000 ಅಣು ಸಿಡಿತಲೆಗಳಿದ್ದವು, ಈಗ 12,000ದ ಆಸುಪಾಸು. ಇನ್ನೂರು ವರ್ಷದ ಕೆಳಗೆ ಹತ್ತು ಮಕ್ಕಳಲ್ಲಿ ನಾಲ್ಕು, ಐದು ವರ್ಷ ತುಂಬುವ ಮೊದಲೇ ಮಣ್ಣಾಗುತ್ತಿದ್ದವು, ಈಗ ನೂರಕ್ಕೆ ನಾಲ್ಕೂ ಇಲ್ಲ. ಇಪ್ಪತ್ತನೇ ಶತಮಾನವೊಂದರಲ್ಲೇ 30 ಕೋಟಿ ಜನರನ್ನು ಕೊಂದಿತೆನ್ನುವ ಸಿಡುಬು 1980ರಿಂದ ಇಲ್ಲವೇ ಇಲ್ಲ. ದೇವಿಗೆ ಹರಕೆ ಕಟ್ಟುತ್ತಿದ್ದ ಅಜ್ಜಿಯರ ಮೊಮ್ಮಕ್ಕಳಿಗೆ ತೋಳಿನ ಮೇಲೆ ಆ ಚುಚ್ಚಿನ ಗುರುತೂ ಇಲ್ಲ.

ಇವನ್ನೆಲ್ಲ ಮಾಡಿದವರು ಸಂಬಳ ಪಡೆದು ಕೆಲಸಕ್ಕೆ ಬಂದ ಜನ. ಹಾಗಾಗಿ ಮುಂದಿನ ಶತಮಾನಗಳ ಬಗ್ಗೆ ನನ್ನನ್ನು ಕೇಳಿದರೆ ನಾನು ಲೆಕ್ಕಪತ್ರ ತೆಗೆದು ನೋಡುತ್ತೇನೆ. ಆರ್ಡ್ ಅವರ ಪಟ್ಟಿಯಲ್ಲಿ ಬೇಕೆಂದೇ ರೂಪಿಸಿದ ರೋಗಾಣುವಿನ ಅಪಾಯ ಮೂವತ್ತರಲ್ಲಿ ಒಂದು. ಅದನ್ನು ತಡೆಯಬೇಕಾದ ಅಂತರರಾಷ್ಟ್ರೀಯ ಜೈವಿಕ ಅಸ್ತ್ರ ಒಪ್ಪಂದಕ್ಕೆ, ಅವರು ಪುಸ್ತಕ ಬರೆದಾಗ, ನಾಲ್ಕು ಜನ ಸಿಬ್ಬಂದಿ ಮತ್ತು ವರ್ಷಕ್ಕೆ 14 ಲಕ್ಷ ಡಾಲರ್ ಖರ್ಚು. ಒಂದು ಸಾಧಾರಣ ಮೆಕ್‌ಡೊನಾಲ್ಡ್ಸ್ ಹೋಟೆಲಿನ ಬಜೆಟ್ಟು ಅದಕ್ಕಿಂತ ದೊಡ್ಡದು.